ಮೊದ್ಲು ಎಂತ ಇದ್ದದ್ದು?

ಅಡಿಕೆ ತೋಟದ ಮನೆಯಲ್ಲಿ ಮೂರು ಡ್ರಮ್ಮಾದರೂ ಇರಲೇಬೇಕು. ಕೊಳೆರೋಗಕ್ಕೆ ಮದ್ದು ಬಿಡುವ ಹೊತ್ತಿಗೆ ಒಂದರಲ್ಲಿ ಮೈಲುತುತ್ತು ಕರಗಬೇಕು, ಇನ್ನೊಂದರಲ್ಲಿ ಸುಣ್ಣ ಅರಳಬೇಕು, ಮೂರನೆಯದರಲ್ಲಿ ಎರಡೂ ಕೂಡಬೇಕು. 1 ಕಿಲೋ ತುತ್ತು 50 ಲೀಟರಿಗೆ, 1 ಕಿಲೋ ಸುಣ್ಣ ಇನ್ನು 50 ಲೀಟರಿಗೆ, ಬೆರೆಸಿದರೆ 100 ಲೀಟರ್ ಬೋರ್ಡೋ. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆಂದು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಪ್ರಕಟಿಸಿದ ಈ ಪಾಕವನ್ನು ಮೈಸೂರು ಸಂಸ್ಥಾನದಲ್ಲಿ ಅಡಿಕೆಯ ಕೊನೆಗೆ ಹೊಂದಿಸಿಕೊಟ್ಟವರು ಲೆಸ್ಲಿ ಕೋಲ್ಮನ್. ಅಲ್ಲಿಂದ ಇಲ್ಲಿಯವರೆಗೆ ಅಳತೆ ಹೆಚ್ಚು ಬದಲಾಗಿಲ್ಲ. ಬದಲಾದದ್ದು ಪಾತ್ರೆ.

ಪುತ್ತೂರು ಸೀಮೆಯ ನಮ್ಮ ಮನೆಯಲ್ಲಿ ಅಜ್ಜನ ಕಾಲಕ್ಕೆ ಕಲ್ಲಿನ ಮರಿಗೆ, ದೊಡ್ಡ ಮಣ್ಣಿನ ಪಾತ್ರೆ ಇದ್ದವಂತೆ. ಈ ಕೆಲಸಕ್ಕೆ ಕಬ್ಬಿಣದ್ದನ್ನು ಯಾರೂ ಮುಟ್ಟುತ್ತಿರಲಿಲ್ಲ. ತುತ್ತಿನ ನೀರು ತಾಗಿದರೆ ಕಬ್ಬಿಣ ಕರಗುತ್ತದೆ, ನೀರಿನಲ್ಲಿದ್ದ ತಾಮ್ರ ಹೊರಬಂದು ಲೋಹದ ಮೇಲೆ ಕೆಂಪಗೆ ಕೂರುತ್ತದೆ. ತಗಡು ತೂತಾಗುವುದು ಒಂದು ನಷ್ಟ, ಮದ್ದಿನ ಕಸುವು ಹೋಗುವುದು ಇನ್ನೊಂದು. ಮದ್ದು ಹದವಾಗಿದೆಯೇ ಎಂದು ನೋಡಲು ಇವತ್ತಿಗೂ ಇದೇ ಗುಣವನ್ನು ಬಳಸುತ್ತೇವೆ. ಉಜ್ಜಿ ಹೊಳಪು ಮಾಡಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ಹಿಡಿಯುವುದು. ಕೆಂಪು ಕೂತರೆ ಸುಣ್ಣ ಸಾಲದು ಎಂದು ಲೆಕ್ಕ. ಹೀಗಾಗಿ ನೀಲಿ ಪ್ಲಾಸ್ಟಿಕ್ ಡ್ರಮ್ಮು ಊರಿಗೆ ಬಂದದ್ದು ನಮ್ಮವರಿಗೆ ವರವೇ ಆಯಿತು. ತುತ್ತು ಅದನ್ನು ತಿನ್ನುವುದಿಲ್ಲ, ಬಿದ್ದರೆ ಒಡೆಯುವುದಿಲ್ಲ, ಖಾಲಿಯಾದದ್ದನ್ನು ಒಬ್ಬನೇ ಹೆಗಲಿಗೇರಿಸಿ ತೋಟದ ಆಚೆ ತುದಿಗೆ ಒಯ್ಯಬಹುದು. 200 ಲೀಟರಿನ ಹೊಸದಕ್ಕೆ ಬೆಲೆ ಜಾಸ್ತಿ, ಹಳೆಯದು ಅದರ ಅರ್ಧಕ್ಕೂ ಕಡಿಮೆಗೆ ಸಿಗುತ್ತಿತ್ತು. ಹಳೆಯದೆಂದರೆ, ಯಾವುದೋ ಕಾರ್ಖಾನೆಗೆ ಏನನ್ನೋ ಹೊತ್ತು ಬಂದು ಖಾಲಿಯಾದದ್ದು.

ನಮ್ಮ ಮನೆಯಲ್ಲಿ ಡ್ರಮ್ಮು ಆರಿಸುವ ಕೆಲಸ ಚಿಕ್ಕಪ್ಪನದು. ಅಡಿಕೆ ಕೊಟ್ಟ ಹಣ ತರಲು ಮಂಗಳೂರಿಗೆ ಹೋದರೆ ಬೈಕಂಪಾಡಿಯ ಕಡೆ ಒಂದು ಸುತ್ತು ಹಾಕಿಯೇ ಬರುವುದು ಅವರ ರೂಢಿ. ಕಾಲೇಜಿಗೆ ಹೋಗುತ್ತಿದ್ದ ನನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು, ಡ್ರಮ್ಮು ಉರುಳಿಸಲು ಒಂದು ಆಳು ಬೇಕಲ್ಲ ಎಂದು. ಕಾರ್ಖಾನೆಗಳ ಹಿಂದಿನ ರಸ್ತೆಯಲ್ಲಿ ಒಂದು ಗುಜರಿ ಅಂಗಳ. ನೀಲಿ, ಕಪ್ಪು, ಬಿಳಿ ಡ್ರಮ್ಮುಗಳ ಸಾಲು, ಹಿಂದೆ ತುಕ್ಕು ಹಿಡಿದ ಕಬ್ಬಿಣದವು, ಒಂದು ಮೂಲೆಯಲ್ಲಿ ರಬ್ಬರು ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡ್ ಬರುವ 35 ಕಿಲೋದ ಕ್ಯಾನುಗಳ ಗುಡ್ಡೆ. ಬಿಸಿಲೇರಿದ ಮೇಲೆ ಅಲ್ಲಿ ನಿಂತರೆ ಹತ್ತು ಬಗೆಯ ವಾಸನೆ ಒಟ್ಟಿಗೆ ಬಂದು ಮೂಗಿಗೆ ಬಡಿಯುತ್ತಿತ್ತು.

ಚಿಕ್ಕಪ್ಪ ದರ ಕೇಳುತ್ತಿರಲಿಲ್ಲ. ಒಂದು ಡ್ರಮ್ಮಿನ ಮೇಲೆ ಕೈಯಿಟ್ಟು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

“ಇದ್ರಲ್ಲಿ ಮೊದ್ಲು ಎಂತ ಇದ್ದದ್ದು ಶೆಟ್ರೆ?”

“ಎಂತದೋ ಕೆಮಿಕಲ್ಲು ಭಟ್ರೆ. ಸೋಪು ಹಾಕಿ ತೊಳ್ದು ಇಟ್ಟದ್ದು, ಎಂತ ಆಗುದಿಲ್ಲ.”

“ಎಂತದೋ ಆದ್ರೆ ಬೇಡ. ಎಂತದ್ದು ಅಂತ ಗೊತ್ತಿರುವದ್ದು ಉಂಟಾ?”

ಶೆಟ್ಟರು ಬೇಸರ ಮಾಡಿಕೊಳ್ಳುವ ಜನವಲ್ಲ. ನಕ್ಕು, ಒಳಗಿನ ಸಾಲಿಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಮಿಡಿಸೌತೆಯ ಡ್ರಮ್ಮುಗಳು. ಹಾಸನ, ತುಮಕೂರಿನ ಬಯಲಿನಲ್ಲಿ ರಫ್ತಿಗೆಂದೇ ಬೆಳೆಯುವ ಪುಟ್ಟ ಸೌತೆ ಉಪ್ಪುನೀರು, ವಿನೆಗರಿನಲ್ಲಿ ಮುಳುಗಿ ಇಂಥ ಡ್ರಮ್ಮುಗಳಲ್ಲೇ ಹೊರದೇಶಕ್ಕೆ ಹೋಗುತ್ತದೆ. ರಫ್ತಿಗೆ ಆಗದೆ ಉಳಿದ ಡ್ರಮ್ಮು ಹೇಗೋ ಕೈದಾಟಿ ಅಲ್ಲಿಗೆ ಬಂದಿರುತ್ತಿತ್ತು. ಮುಚ್ಚಳ ತೆಗೆದರೆ ಹುಳಿ ವಾಸನೆ ಗಪ್ಪೆಂದು ಬರುತ್ತಿತ್ತು, ಚಿಕ್ಕಪ್ಪನ ಮುಖ ಅರಳುತ್ತಿತ್ತು. ಬಾಯಿ ಪೂರ್ತಿ ಅಗಲ, ಮೇಲೆ ಮುಚ್ಚಳ, ಅದನ್ನು ಬಿಗಿಯುವ ಕಬ್ಬಿಣದ ರಿಂಗು. ಕೈ ಹಾಕಿ ತಳ ಉಜ್ಜಬಹುದು. ನೂರಿನ್ನೂರು ಹೆಚ್ಚು ಕೊಟ್ಟಾದರೂ ಅದನ್ನೇ ತರುತ್ತಿದ್ದರು.

ತೊಳೆದರೆ ಹೋಗುವುದಿಲ್ಲವೇ ಎಂದು ನಾನು ಕೇಳಿದ್ದುಂಟು. ಚಿಕ್ಕಪ್ಪ ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿಯನ್ನು ತೋರಿಸಿದರು. ಮಿಡಿ ಹಾಕಿದ ಭರಣಿಯಲ್ಲಿ ನಿನ್ನ ಅಮ್ಮ ಯಾವತ್ತಾದರೂ ಬೆಲ್ಲ ತುಂಬಿಸಿದ್ದಾಳೋ ಎಂದರು. ಭರಣಿಯಾದರೂ ಮೆರುಗು ಹಚ್ಚಿ ಸುಟ್ಟದ್ದು, ಅದರೊಳಕ್ಕೆ ಹೆಚ್ಚೇನೂ ಇಳಿಯುವುದಿಲ್ಲ. ಈ ಡ್ರಮ್ಮು ಎಚ್‌ಡಿಪಿಇ ಪ್ಲಾಸ್ಟಿಕ್ಕಿನದು, ತಳದ ತ್ರಿಕೋನದೊಳಗೆ 2 ಎಂಬ ಅಂಕೆ ಇರುವಂಥದ್ದು. ನೀರು, ಉಪ್ಪು, ತುತ್ತು, ಬಹಳ ಬಗೆಯ ಆಮ್ಲಗಳನ್ನು ಅದು ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಥಿನ್ನರು, ಪೆಟ್ರೋಲು, ಸೀಮೆಎಣ್ಣೆಯ ಜಾತಿಯ ದ್ರವಗಳು ಮಾತ್ರ ಗೋಡೆಯ ಒಳಕ್ಕೇ ಇಳಿದು ಕೂರುತ್ತವೆ. ಅಂಥ ದ್ರವದಲ್ಲಿ ಕರಗಿಸಿ ಮಾರುವ ಕೀಟನಾಶಕಗಳೂ ಹಾಗೆಯೇ. ಒಳಮೈಯನ್ನು ಎಷ್ಟು ಉಜ್ಜಿದರೂ ಗೋಡೆಯೊಳಗಿನದು ತಿಂಗಳುಗಟ್ಟಲೆ ನಿಧಾನಕ್ಕೆ ಹೊರಬಂದು, ನಾವು ತುಂಬಿಸಿದ ನೀರಿಗೆ ಸೇರುತ್ತಲೇ ಇರುತ್ತದೆ. ಸೋಪಿನ ನೀರಿಗೆ ಅಲ್ಲಿಯವರೆಗೆ ಹೋಗುವ ದಾರಿಯೇ ಇಲ್ಲ.

ನಮ್ಮ ಸೀಮೆಯ ಜನಕ್ಕೆ ಈ ಎಚ್ಚರ ಕಲಿಸಲು ಬೇರೆ ಪಾಠ ಬೇಕಾಗಿರಲಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿದ ಊರುಗಳು ಕಾಸರಗೋಡಿನಲ್ಲೂ ಇವೆ, ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸುತ್ತಲೂ ಇವೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದುದ್ದಕ್ಕೂ ತಡೆದಾಗ ಚಿಕ್ಕಪ್ಪ ಪತ್ರಿಕೆಯನ್ನು ಮಡಚಿಟ್ಟು ಅಂಗಳಕ್ಕೆ ಹೋದವರು ಬಹಳ ಹೊತ್ತು ಒಳಗೆ ಬರಲಿಲ್ಲ. ಎರಡು ವರ್ಷದ ಮೇಲೆ, 2013ರ ಜುಲೈಯಲ್ಲಿ, ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೋಟೊಫಾಸ್ ಎಂಬ ಕೀಟನಾಶಕ ಇತ್ತು ಎಂದು ಪ್ರಯೋಗಾಲಯ ಹೇಳಿತು. ಕೀಟನಾಶಕದ ಹಳೆಯ ಡಬ್ಬಿಯಲ್ಲಿ ಎಣ್ಣೆ ಹಾಕಿಟ್ಟಿದ್ದಿರಬಹುದು ಎಂಬ ಮಾತು ತನಿಖೆಯ ಹೊತ್ತಿಗೇ ಕೇಳಿಬಂದಿತ್ತು. ಅದನ್ನು ಓದಿದ ದಿನ ನಮ್ಮ ಕೊಟ್ಟಿಗೆಯ ಅಟ್ಟ ಹತ್ತಿ, ಅಲ್ಲಿದ್ದ ಪ್ರತಿಯೊಂದು ಡಬ್ಬಿಯನ್ನು ಕೆಳಗಿಳಿಸಿ ನೋಡಿದೆ. ಕೀಟನಾಶಕದ ಡಬ್ಬಿಯ ಮೇಲೆ ಮೂಲೆ ಮೇಲಾಗಿ ನಿಂತ ಒಂದು ಚೌಕ ಇರುತ್ತದೆ. ಅದರ ಕೆಳಗಿನ ಅರ್ಧ ಕೆಂಪಾದರೆ ಅತ್ಯಂತ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು ಎಂದು ತೀವ್ರತೆ ಇಳಿಯುತ್ತದೆ. ಹಸಿರು ಇದ್ದರೂ ಅದು ವಿಷವೇ. ಅಂಥ ಡಬ್ಬಿಯನ್ನು ಮೂರು ಸಲ ತೊಳೆದು, ತೊಳೆದ ನೀರನ್ನು ಸಿಂಪಡಿಸುವ ದ್ರಾವಣಕ್ಕೇ ಸೇರಿಸಿ, ಡಬ್ಬಿಗೆ ತೂತು ಹೊಡೆದು ಯಾರಿಗೂ ಉಪಯೋಗಕ್ಕೆ ಬಾರದಂತೆ ಮಾಡಬೇಕು. ಗುಜರಿಗೆ ಹಾಕುವವರಿದ್ದಾರೆ. ಅದು ಇನ್ನೊಬ್ಬರ ಮನೆಯ ಎಣ್ಣೆ ಡಬ್ಬಿಯಾಗಲು ಬಿಟ್ಟಂತೆಯೇ ಎಂದು ನಾನು ನಂಬುತ್ತೇನೆ, ಹೇಳಿ ಜಗಳವನ್ನೂ ಆಡಿದ್ದೇನೆ.

ಚಿಕ್ಕಪ್ಪ ಡ್ರಮ್ಮು ಪರೀಕ್ಷಿಸುವ ರೀತಿಗೆ ಒಂದು ಕ್ರಮವಿತ್ತು. ಮೊದಲು ಮೈಮೇಲಿನ ಚೀಟಿ. ಹೆಸರು ಓದಲು ಬಾರದಿದ್ದರೂ ಚಿತ್ರ ಓದಬಹುದು: ತಲೆಬುರುಡೆ, ಬೆಂಕಿ, ಹನಿ ಬಿದ್ದು ಕರಗುತ್ತಿರುವ ಕೈ, ಒಣಗಿದ ಮರದ ಪಕ್ಕ ಸತ್ತ ಮೀನು. ಚೀಟಿಯನ್ನು ಕೆರೆದು ತೆಗೆದಿದ್ದರೆ ಅವರು ಮುಂದೆ ನೋಡುತ್ತಲೇ ಇರಲಿಲ್ಲ. ಕಬ್ಬಿಣದ ಡ್ರಮ್ಮಿಗೆ ಹೊಸದಾಗಿ ಬಣ್ಣ ಬಳಿದಿದ್ದರೂ ಹಾಗೆಯೇ. ಬಣ್ಣದ ಅಡಿಯಲ್ಲಿ ಹಳೆಯ ಹೆಸರೂ ಇರುತ್ತದೆ, ತುಕ್ಕೂ ಇರುತ್ತದೆ.

ಆಮೇಲೆ ಮೂಗು. ಮುಚ್ಚಳ ತೆಗೆದೊಡನೆ ಬಾಯಿಗೆ ಮುಖ ಒಡ್ಡಲು ಬಿಡುತ್ತಿರಲಿಲ್ಲ. ಒಂದು ಮೊಳ ದೂರ ನಿಂತು, ಅಂಗೈಯಿಂದ ಗಾಳಿಯನ್ನು ತನ್ನ ಕಡೆಗೆ ಬೀಸಿಕೊಳ್ಳಬೇಕು. ತೊಳೆದು ಒಣಗಿಸಿದ ಡ್ರಮ್ಮು ಬೆಳಗಿನ ತಂಪಿನಲ್ಲಿ ಏನೂ ಹೇಳುವುದಿಲ್ಲ. ಅದಕ್ಕೆ ಬಿರಡೆ ಬಿಗಿದು ಬಿಸಿಲಿನಲ್ಲಿ ಇಟ್ಟು, ಅಷ್ಟರಲ್ಲಿ ಚಾ ಕುಡಿದು ಬರಬೇಕು. ಕಾದ ಮೇಲೆ ಬಿರಡೆ ತಿರುಗಿಸಿದರೆ ಗೋಡೆಯೊಳಗೆ ಅಡಗಿದ್ದದ್ದು ಹೊರಗೆ ಬಂದಿರುತ್ತದೆ. ವಿನೆಗರು, ಗ್ಲೂಕೋಸ್ ಪಾಕ, ಖಾದ್ಯತೈಲ, ಮಾವಿನ ತಿರುಳು, ಇವು ಅವರ ಲೆಕ್ಕದಲ್ಲಿ ಒಳ್ಳೆಯ ವಾಸನೆಗಳು. ರಬ್ಬರು ಹಾಲಿನ ಡ್ರಮ್ಮಿನಿಂದ ಅಮೋನಿಯ ಕಣ್ಣಿಗೆ ಚುಚ್ಚುತ್ತದೆ, ಆದರೆ ಅದು ತೊಳೆದರೆ, ಗಾಳಿಗೆ ಬಿಟ್ಟರೆ ಹೋಗುವಂಥದ್ದು. ಒಳಗೆ ಅಂಟಿದ ರಬ್ಬರಿನ ಪದರ ಕೀಳುವುದೇ ಕಷ್ಟ. ಥಿನ್ನರು, ಅಂಟು, ಬಣ್ಣ, ಫಿನಾಯಿಲು ಎಂದರೆ ಹಿಂದಕ್ಕೆ. ಏನೂ ವಾಸನೆ ಇಲ್ಲದಿದ್ದರೆ ಒಳ್ಳೆಯದೆಂದು ಅವರು ತೀರ್ಮಾನಿಸುತ್ತಿರಲಿಲ್ಲ. ವಾಸನೆಯೇ ಇಲ್ಲದ ವಿಷಗಳು ಬೇಕಾದಷ್ಟಿವೆ, ಅದಕ್ಕೇ ಮೊದಲ ಪ್ರಶ್ನೆ ಮೊದಲು.

ಮೂಗು ಒಪ್ಪಿದ ಮೇಲೆ ಕಣ್ಣು ಮತ್ತು ಕೈ. ಖಾಲಿ ಡ್ರಮ್ಮನ್ನು ಆಕಾಶಕ್ಕೆ ಹಿಡಿದು ಬಿರಡೆಯ ತೂತಿನಿಂದ ಒಳಗೆ ನೋಡಿದರೆ ಸೂಜಿಮೊನೆಯಷ್ಟು ಬಿರುಕೂ ಬೆಳಕಾಗಿ ಕಾಣುತ್ತದೆ. ಹೊರಮೈಯನ್ನು ಹೆಬ್ಬೆರಳಿನಿಂದ ಉಜ್ಜಬೇಕು. ಬಿಳಿ ಹುಡಿ ಅಂಟಿದರೆ ಬಿಸಿಲು ಪ್ಲಾಸ್ಟಿಕ್ಕನ್ನು ತಿಂದಿದೆ, ಅದು ಒಂದೆರಡು ಮಳೆಗಾಲ ಬಾಳಿದರೆ ಹೆಚ್ಚು. ತಳದ ಅಂಚಿನ ಬಾಗಿನಲ್ಲಿ ಬಿಳಿ ಗೆರೆ ಇದೆಯೇ ಎಂದು ಬೆರಳಾಡಿಸಿ ನೋಡಬೇಕು. ಸೋಪಿನ ಕಚ್ಚಾ ದ್ರಾವಣ ತಂದ ಡ್ರಮ್ಮುಗಳಲ್ಲಿ ಈ ಗೆರೆ ಹೆಚ್ಚು. ಸೋಪು ನಿರಪಾಯ ಅನ್ನಿಸುತ್ತದೆ, ಆದರೆ ಒತ್ತಡದಲ್ಲಿರುವ ಎಚ್‌ಡಿಪಿಇಯನ್ನು ಅದು ಒಳಗಿಂದೊಳಗೆ ಸೀಳುತ್ತದೆ. ಎತ್ತಿ ತೂಕ ನೋಡುವುದೂ ಉಂಟು. 200 ಲೀಟರಿನ ಒಳ್ಳೆಯ ಡ್ರಮ್ಮು ಸಾಮಾನ್ಯವಾಗಿ 8ರಿಂದ 10 ಕಿಲೋ ಇರುತ್ತದೆ. ಅದಕ್ಕಿಂತ ಬಹಳ ಹಗುರವಾದರೆ ಗೋಡೆ ತೆಳು. ಕೊನೆಗೆ ನಾಲ್ಕು ಕೊಡ ನೀರು ಹೊಯ್ದು, ಬಿರಡೆ ಬಿಗಿದು, ಮಲಗಿಸಿ ಉರುಳಿಸುವುದು ನನ್ನ ಕೆಲಸ. ಒಣ ಮಣ್ಣಿನ ಮೇಲೆ ತೇವದ ಗೆರೆ ಬಿತ್ತೋ ಇಲ್ಲವೋ ಎಂದು ಚಿಕ್ಕಪ್ಪ ಬಗ್ಗಿ ನೋಡುತ್ತಾ ಹಿಂದೆ ಬರುತ್ತಿದ್ದರು.

ಅವರಿಗೆ ತಿಳಿಯದೆ ಉಳಿದ ಒಂದು ಸಂಗತಿಯನ್ನು ನಾನು ಆಮೇಲೆ ಕಲಿತೆ: ಡ್ರಮ್ಮಿನ ಮೈಯಲ್ಲೇ ಅಚ್ಚೊತ್ತಿದ ಅಕ್ಷರಗಳು. ಯುಎನ್ ಎಂಬ ಗುರುತಿನ ಪಕ್ಕ 1ಎಚ್1 ಎಂದಿದ್ದರೆ ಮೇಲ್ಭಾಗ ತೆರೆಯದ ಪ್ಲಾಸ್ಟಿಕ್ ಡ್ರಮ್ಮು, 1ಎಚ್2 ಎಂದಿದ್ದರೆ ಮುಚ್ಚಳ ಪೂರ್ತಿ ತೆಗೆಯುವಂಥದ್ದು. ಮುಂದೆ ವೈ 1.8 ಎಂದಿದ್ದರೆ ನೀರಿಗಿಂತ 1.8 ಪಟ್ಟು ಭಾರದ ದ್ರವಕ್ಕೂ ತಡೆಯುವಂತೆ ಪರೀಕ್ಷೆ ಮಾಡಿದ್ದು. ತಳದಲ್ಲೋ ಹೆಗಲಲ್ಲೋ ಗಡಿಯಾರದಂಥ ಪುಟ್ಟ ವೃತ್ತ, ನಡುವೆ ವರ್ಷ, ತಿಂಗಳಿಗೆ ತಿರುಗಿದ ಬಾಣ. ಹುಟ್ಟಿದ ದಿನ ಅಲ್ಲೇ ಇದ್ದರೂ ಅದನ್ನು ನೋಡದೆ ಎಷ್ಟೋ ಜನ ವ್ಯಾಪಾರಿಯ ಬಾಯಿಮಾತಿಗೆ ದುಡ್ಡು ಕೊಡುತ್ತಾರೆ.

ಚಿಕ್ಕಪ್ಪನ ಕಾಲ ಮುಗಿದ ಮೇಲೆ ಆರಿಸುವ ಕೆಲಸ ನನಗೆ ಬಂತು. ಅಷ್ಟರಲ್ಲಿ ಊರಿಗೆ ಜೀವಾಮೃತವೂ ಬಂದಿತ್ತು. ಸುಭಾಷ್ ಪಾಳೇಕರರು ಹೇಳಿದ ಅಳತೆಯೇ 200 ಲೀಟರ್ ನೀರಿನದು: 10 ಕಿಲೋ ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು, ತೋಟದ ಒಂದು ಹಿಡಿ ಮಣ್ಣು. ಬೋರ್ಡೋ ಸತ್ತ ದ್ರಾವಣ. ಡ್ರಮ್ಮಿನಲ್ಲಿ ಸ್ವಲ್ಪ ಏನಾದರೂ ಉಳಿದಿದ್ದರೂ ಅದು ದೂರುವುದಿಲ್ಲ. ಜೀವಾಮೃತ ದೂರುತ್ತದೆ. ನಮ್ಮ ಪಕ್ಕದ ತೋಟದವರು ಅಗ್ಗಕ್ಕೆಂದು ತಂದ ಡ್ರಮ್ಮಿನಲ್ಲಿ ಮೂರು ದಿನವಾದರೂ ನೊರೆಯೇಳಲಿಲ್ಲ, ಹುಳಿ ವಾಸನೆ ಬರಲಿಲ್ಲ. ಅದೇ ಸಗಣಿ, ಅದೇ ಬೆಲ್ಲ ನಮ್ಮ ಮಿಡಿಸೌತೆಯ ಡ್ರಮ್ಮಿನಲ್ಲಿ ಮರುದಿನವೇ ಉಕ್ಕಿತು. ಅವರ ಡ್ರಮ್ಮಿನ ಗೋಡೆಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಯಾವುದೋ ದ್ರವದ ಅಂಶ ಉಳಿದಿತ್ತು ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಈ ಕೆಲಸಕ್ಕೆ ಬಿರಡೆಯ ಸಣ್ಣ ಬಾಯಿಯ ಡ್ರಮ್ಮು ಯಾವತ್ತೂ ಬೇಡ. ಸಗಣಿ ಹೋಗುವುದಿಲ್ಲ, ಕೋಲಾಡಿಸಲು ಆಗುವುದಿಲ್ಲ, ಹುದುಗಿನ ಗಾಳಿ ತುಂಬಿ ಮೈ ಉಬ್ಬಿಕೊಳ್ಳುತ್ತದೆ.

ತೋಟ ದೊಡ್ಡದಾದಂತೆ ಡ್ರಮ್ಮು ಸಾಲದೆ, ಕಬ್ಬಿಣದ ಗೂಡಿನೊಳಗೆ ಕೂತ 1000 ಲೀಟರಿನ ಬಿಳಿ ಐಬಿಸಿ ಟ್ಯಾಂಕು ಹುಡುಕಿ ಹೋದೆ. ಅಪಾಯದ ದ್ರವ ಸಾಗಿಸಲು ಪ್ಲಾಸ್ಟಿಕ್ಕಿನ ಐಬಿಸಿಗೆ 5 ವರ್ಷದ ಮಿತಿ ಇರುವುದರಿಂದ, ಗಟ್ಟಿಮುಟ್ಟಾಗಿದ್ದರೂ ಅವು ಗುಜರಿಗೆ ಬರುತ್ತವೆ. ಹಾಗೆ ಬಂದವೆಂದರೆ ಅವು ಅಪಾಯದ ದ್ರವ ಹೊತ್ತವೇ ಆಗಿರಬಹುದು ಎಂಬುದನ್ನೂ ಮರೆಯಬಾರದು. ಗೂಡಿನ ಮೇಲೆ ತಗಡಿನ ಫಲಕವೊಂದಿರುತ್ತದೆ: 31ಎಚ್‌ಎ1, ತಯಾರಾದ ತಿಂಗಳು, ವರ್ಷ, ಹೊರಬಹುದಾದ ತೂಕ. ಒಳಗಿನ ಪ್ಲಾಸ್ಟಿಕ್ಕಿನ ಮೇಲೂ ಗಡಿಯಾರದ ಗುರುತು. ಎರಡರ ವರ್ಷ ಬೇರೆಯಾದರೆ ಹಳೆಯ ಗೂಡಿಗೆ ಬೇರೆ ಒಡಲು ಕೂರಿಸಿದ್ದಾರೆ. ಹೊಸ ಒಡಲಾದರೆ ಒಳ್ಳೆಯದೇ, ಆದರೆ ಚೀಟಿ ಗೂಡಿನದೋ ಒಡಲಿನದೋ ಎಂದು ಕೇಳಬೇಕು.

ಬಿಳಿ ಒಡಲಿನ ಒಂದು ಗುಣ, ಅದು ಮರೆಮಾಚುವುದಿಲ್ಲ. ಮೊಬೈಲಿನ ಟಾರ್ಚನ್ನು ದಾರಕ್ಕೆ ಕಟ್ಟಿ ಒಳಗೆ ಇಳಿಬಿಟ್ಟರೆ ಕಲೆ, ಗೀರು, ತಳದಲ್ಲಿ ಒಣಗಿದ ಪದರ ಎಲ್ಲ ಹೊರಗಿನಿಂದಲೇ ಕಾಣುತ್ತದೆ. ಹಳದಿ ಕಲೆ ತೊಳೆದರೂ ಹೋಗದಿದ್ದರೆ ದ್ರವ ಗೋಡೆಗೆ ಇಳಿದಿದೆ. ನಾನು ಹೆಚ್ಚು ಹೊತ್ತು ಕೂರುವುದು ಕೆಳಗಿನ ವಾಲ್ವಿನ ಮುಂದೆ. ಒಡಲು ಚೆನ್ನಾಗಿದ್ದರೂ ಸೋರುವುದು ಅಲ್ಲೇ. ಅದರ ಹೊರಮುಚ್ಚಳ ಬಿಚ್ಚಿ, ಹಿಡಿ ತಿರುಗಿಸಿ, ಒಳಗಿನ ರಬ್ಬರು ವಾಷರು ಉಬ್ಬಿದೆಯೋ, ಬಿರಿದಿದೆಯೋ ನೋಡಬೇಕು. ಟ್ಯಾಂಕಿಗೆ ಒಂದಿಷ್ಟು ನೀರು ಬಿಟ್ಟು, ವಾಲ್ವು ಮುಚ್ಚಿ, ಬಾಯಿಗೆ ಒಣ ಕಾಗದ ಒತ್ತಿ ಹಿಡಿಯುವುದು ನನ್ನ ಪದ್ಧತಿ. ಕಾಗದ ಒದ್ದೆಯಾದರೆ ವಾಲ್ವಿನ ಬೆಲೆ ಇಳಿಸಿ ಮಾತಾಡಬೇಕು. ವಾಲ್ವಿನ ಬಾಯಿಯ ಥ್ರೆಡ್ಡು ದಪ್ಪ, ನಮ್ಮ 2 ಇಂಚಿನ ಪಿವಿಸಿ ಪೈಪಿಗೆ ನೇರ ಕೂರುವುದಿಲ್ಲ. ಜೋಡಿಸುವ ಅಡಾಪ್ಟರನ್ನು ಅಲ್ಲೇ ಕೇಳಿ ತರದಿದ್ದರೆ ಊರಿನ ಅಂಗಡಿಯಲ್ಲಿ ಸಿಗುವುದು ಕಷ್ಟ.

ಮನೆಗೆ ತಂದ ಮೇಲಿನ ಕಾಳಜಿಯನ್ನೂ ಕೊಳ್ಳುವಾಗಲೇ ಯೋಚಿಸಬೇಕು. ಖಾಲಿ ಟ್ಯಾಂಕು 60 ಕಿಲೋ ಆಸುಪಾಸು, ಇಬ್ಬರು ಎತ್ತಬಹುದು. ತುಂಬಿದರೆ ಒಂದು ಟನ್ನಿಗೂ ಮೇಲೆ. ಅಡಿಯ ಹಲಗೆ ಮರದ್ದೋ, ಪ್ಲಾಸ್ಟಿಕ್ಕೋ, ಕಬ್ಬಿಣವೋ ಎಂದು ನೋಡದೆ ನಮ್ಮ ಕಡೆಯವರು ಕೊಳ್ಳಬಾರದು. ಮರದ್ದಾದರೆ ಗೆದ್ದಲು ಬಿಡುವುದಿಲ್ಲ, ಒಂದು ಮೂಲೆ ಕುಸಿದರೆ ಅಷ್ಟೂ ಭಾರ ವಾಲುತ್ತದೆ. ನಾನು ಕಲ್ಲು ಕಟ್ಟಿ ಸಮ ಮಾಡಿದ ಕಟ್ಟೆಯ ಮೇಲೆ ಇಟ್ಟಿದ್ದೇನೆ, ಮೇಲೆ ಕಪ್ಪು ಟರ್ಪಾಲು ಹೊದೆಸಿದ್ದೇನೆ. ಬೆಳಕು ತಾಗಿದರೆ ಬಿಳಿ ಟ್ಯಾಂಕಿನ ನೀರಿಗೆ ಬೇಗ ಪಾಚಿ ಕಟ್ಟುತ್ತದೆ, ಡ್ರಿಪ್ಪಿನ ತೂತುಗಳೆಲ್ಲ ಮುಚ್ಚಿಹೋಗುತ್ತವೆ.

ಕುಡಿಯುವ ನೀರಿಗೆ ಹಳೆಯದು ಬೇಡವೇ ಬೇಡ. ಇದರಲ್ಲಿ ನಾನು ಚಿಕ್ಕಪ್ಪನಿಗಿಂತ ಗಟ್ಟಿ. ವಿನೆಗರಿನದಾದರೆ ಪರವಾಗಿಲ್ಲ ಎನ್ನುತ್ತಿದ್ದರು ಅವರು. ವ್ಯಾಪಾರಿ ಹೇಳಿದ ವಿನೆಗರಿಗೂ ಅದಕ್ಕೂ ಹಿಂದೆ ಅದರಲ್ಲಿದ್ದದ್ದಕ್ಕೂ ನಡುವೆ ನಮಗೆ ಕಾಣದ ಒಂದು ಕೈ ಇರಬಹುದು. ಐಎಸ್ 12701 ಗುರುತಿರುವ ಹೊಸ ಟ್ಯಾಂಕನ್ನೇ ನಮ್ಮ ಮನೆಯ ಮಾಡಿನ ಮೇಲೆ ಕೂರಿಸಿದ್ದೇನೆ. ಕಬ್ಬಿಣದ ಹಳೆ ಡ್ರಮ್ಮನ್ನು ಕೊಯ್ಯಲು ಗ್ಯಾಸ್ ಕಟರೋ ಗ್ರೈಂಡರೋ ಹಿಡಿಯುವವರಿಗೂ ಒಂದು ಮಾತು ಹೇಳಲೇಬೇಕು. ಖಾಲಿ ಎಂದು ಕಾಣುವ ಥಿನ್ನರಿನ ಡ್ರಮ್ಮಿನಲ್ಲಿ ಉಳಿದ ಆವಿಗೆ ಒಂದು ಕಿಡಿ ಸಾಕು, ಮುಚ್ಚಳ ಬಾಂಬಿನ ಚೂರಾಗಿ ಹಾರುತ್ತದೆ. ಮೊದಲು ಏನಿತ್ತೆಂದು ಕೇಳದೆ ಕಿಡಿ ಹಾರಿಸಬಾರದು.

ಈಗ ನಮ್ಮ ಅಂಗಳದ ಪ್ರತಿ ಡ್ರಮ್ಮಿನ ಮೇಲೂ ಎರಡು ಸಾಲು ಬರೆದಿದ್ದೇನೆ: ಮೊದಲು ಇದ್ದದ್ದು, ಈಗ ಇರುವುದು. ಬಣ್ಣ ಈ ಪ್ಲಾಸ್ಟಿಕ್ಕಿಗೆ ಹಿಡಿಯುವುದಿಲ್ಲ, ಮಳೆಗೆ ಸಿಪ್ಪೆಯೇಳುತ್ತದೆ. ಪ್ರತಿ ವರ್ಷ ಮದ್ದು ಬಿಡುವ ಮೊದಲು ತಿದ್ದುತ್ತೇನೆ, ಮೊಳೆಯಿಂದ ಕೆತ್ತಿದರೆ ಅಲ್ಲಿಂದಲೇ ಬಿರುಕು ಶುರುವಾಗಬಹುದು. ತಂಗಿಯ ಮಗ ಮನೆ ಕಟ್ಟುವಾಗ ಗಾರೆ ಕೆಲಸದ ನೀರಿಗೆ ಡ್ರಮ್ಮು ಬೇಕೆಂದು ಬಂದ.

“ಮಾವ, ಇದು ಕೊಂಡೋಗ್ಲಾ?”

“ಬರ್ದದ್ದು ಓದು ಮೊದ್ಲು.”

ತುತ್ತು ಎಂದು ಓದಿ ಕೆಳಗಿಟ್ಟ. ಅಲ್ಲಿ ಕೆಲಸದವರು ಕೈಕಾಲು ತೊಳೆಯುತ್ತಾರೆ, ದಾಹವಾದರೆ ಅದರಿಂದಲೇ ಮೊಗೆದು ಕುಡಿಯುವವರೂ ಇರುತ್ತಾರೆ ಎಂದು ಅವನೇ ಹೇಳಿದ. ಮಿಡಿಸೌತೆಯ ಡ್ರಮ್ಮಿನ ಜೀವಾಮೃತವನ್ನು ತೋಟಕ್ಕೆ ಬಿಟ್ಟು, ಉಜ್ಜಿ ತೊಳೆದು ಪಿಕಪ್ಪಿಗೆ ಹಾಕಿಸಿದೆ. ಕುಡಿಯುವ ನೀರಿಗೆ ಬೇರೆ ಕೊಡ ಇಡಲು ಹೇಳಿ, ಡ್ರಮ್ಮಿನ ಮೇಲೆ ಅದನ್ನೂ ಬರೆದು ಕಳಿಸಿದೆ.